ಹತ್ತುಮೀನಿನ ಜಾಡಿನಲ್ಲಿ: ಮೇಯ್ನ್ ರಾಜ್ಯದ ನದಿಗಳ ದಂಡೆಯಲ್ಲಿ ನಾಲ್ಕು ದಿನ

ಮೊದಲ ದಿನ, ಶುಕ್ರವಾರ

ಅಮ್ಮ ಸಾಗರದಿಂದ ಬಾಸ್ಟನ್ನಿನ ಹೊರವಲಯದ ನಮ್ಮ ಮನೆಗೆ ಬಂದು ಮೂರು ವಾರವಾಗಿತ್ತು. ಮೇ ತಿಂಗಳ ಕೊನೆಯ ಸೋಮವಾರ ಇಲ್ಲಿ ಮೆಮೋರಿಯಲ್ ಡೇ ರಜೆ. ಅದಕ್ಕೆ ಶುಕ್ರವಾರವನ್ನೂ ಸೇರಿಸಿಕೊಂಡರೆ ನಾಲ್ಕು ದಿನ ಸಿಗುತ್ತದೆ, ಉತ್ತರಕ್ಕೆ ಮೇಯ್ನ್ ರಾಜ್ಯಕ್ಕೆ ಹೋಗಿಬರೋಣ, ಅಲ್ಲಿ ಈ ಹೊತ್ತಿಗೆ ಸಮುದ್ರದ ಮೀನು ಹೊಳೆ ಹತ್ತುತ್ತದೆ ಎಂದೆ. "ಹತ್ತುಮೀನಾ? ಇಲ್ಲೂ ಇದ್ಯಾ?" ಎಂದು ಕೇಳಿದ ಅಮ್ಮ ಅಂದು ರಾತ್ರಿಯೇ ಚೀಲ ಕಟ್ಟಿಟ್ಟಳು.

ಅವಳ ಪ್ರಶ್ನೆಯ ಹಿಂದೆ ಒಂದು ಊರಿದೆ. ಶರಾವತಿಯ ದಂಡೆಯಲ್ಲಿದ್ದ ಅವಳ ತವರು 1964ರಲ್ಲಿ ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಮುಳುಗಿದಾಗ ಅವಳಿಗೆ ಒಂಬತ್ತು ವರ್ಷ. ಮುಂಗಾರಿನ ಮೊದಲ ಜೋರು ಮಳೆಗೆ ಹೊಳೆಯ ಮೀನುಗಳು ಹಳ್ಳ ಹಿಡಿದು ಗದ್ದೆಯ ಬದುವಿನವರೆಗೂ ಏರಿಬರುತ್ತಿದ್ದದ್ದು, ಗಂಡಸರು ಬಿದಿರಿನ ಕೂಳಿ ಒಡ್ಡಿ ರಾತ್ರಿಯೆಲ್ಲ ಕಾಯುತ್ತಿದ್ದದ್ದು ಅವಳ ನೆನಪಿನಲ್ಲಿ ಇನ್ನೂ ಒದ್ದೆಯಾಗಿಯೇ ಇದೆ. ನಮ್ಮ ಹತ್ತುಮೀನು ಹೊಳೆಯಿಂದ ಹಳ್ಳಕ್ಕೆ ಏರುವಂಥದು, ಮೇಯ್ನ್‌ನದು ಸಮುದ್ರದಿಂದ ಹೊಳೆಗೆ, ಹೊಳೆಯಿಂದ ಕೆರೆಗೆ ಏರುವಂಥದು ಎಂಬ ವ್ಯತ್ಯಾಸವನ್ನು ದಾರಿಯುದ್ದಕ್ಕೂ ವಿವರಿಸಿದೆ. ಮೊಟ್ಟೆಯಿಡಲು ಏರುವುದು ಎರಡಕ್ಕೂ ಒಂದೇ ತಾನೆ ಎಂದು ಅವಳು ಅದನ್ನು ಅಲ್ಲಿಗೇ ಮುಗಿಸಿದಳು.

ಮೂರು ಗಂಟೆಯ ಪಯಣದ ಕೊನೆಗೆ ಡ್ಯಾಮರಿಸ್ಕಾಟಾ ಮಿಲ್ಸ್ ಎಂಬ ಪುಟ್ಟ ಊರು ತಲುಪಿದೆವು. ಡ್ಯಾಮರಿಸ್ಕಾಟಾ ಸರೋವರದ ನೀರು ಇಲ್ಲಿ ಸುಮಾರು 42 ಅಡಿ ಕೆಳಗಿಳಿದು ಗ್ರೇಟ್ ಸಾಲ್ಟ್ ಬೇ ಎಂಬ ಉಪ್ಪುನೀರಿನ ಕೊಲ್ಲಿಗೆ ಸೇರುತ್ತದೆ. ಗಿರಣಿಗಳಿಗಾಗಿ ಹಿಂದೆ ಇಲ್ಲಿ ನೀರಿಗೆ ಕಟ್ಟೆ ಹಾಕಿದಾಗ ಆಲ್‌ವೈಫ್ ಎಂಬ ಮೀನಿನ ದಾರಿ ಮುಚ್ಚಿಹೋಯಿತು. ಸುತ್ತಲಿನ ಜನ ಸುಮ್ಮನಿರದೆ 1807ರಲ್ಲಿ ಕಲ್ಲಿನ ಏಣಿಯೊಂದನ್ನು ಕಟ್ಟಿಸಿದರು. ಏಣಿ ಎಂದರೆ ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ಸಣ್ಣ ಸಣ್ಣ ಹೊಂಡಗಳ ಸಾಲು: ಮೇಲಿನ ಹೊಂಡದಿಂದ ಕೆಳಗಿನದಕ್ಕೆ ನೀರು ಕಿರಿದಾದ ಕಂಡಿಯಲ್ಲಿ ಧುಮುಕುತ್ತದೆ, ಮೀನು ಆ ಕಂಡಿಯಲ್ಲಿ ನುಗ್ಗಿ ಮೇಲಿನ ಹೊಂಡ ಸೇರಿ, ಅಲ್ಲಿ ತುಸು ದಣಿವಾರಿಸಿಕೊಂಡು ಮತ್ತೆ ಮುಂದಿನದಕ್ಕೆ ನುಗ್ಗುತ್ತದೆ. ಎರಡು ಶತಮಾನಗಳಲ್ಲಿ ಶಿಥಿಲವಾಗಿದ್ದ ಈ ಏಣಿಯನ್ನು 2007ರಿಂದ ಸುಮಾರು ಹತ್ತು ವರ್ಷ ಹಿಡಿದು ನ್ಯೂಕ್ಯಾಸಲ್ ಮತ್ತು ನೋಬಲ್‌ಬರೋ ಊರುಗಳವರು ಚಂದಾ ಎತ್ತಿ, ಸ್ವತಃ ದುಡಿದು, ಕಲ್ಲು ಕಲ್ಲಾಗಿ ಮತ್ತೆ ಕಟ್ಟಿದ್ದಾರೆ.

ಹೊಂಡಗಳ ಪಕ್ಕದ ಕಾಲುದಾರಿಯಲ್ಲಿ ಬಗ್ಗಿ ನೋಡಿದಾಗ ಮೊದಲಿಗೆ ಕಂಡದ್ದು ಕಪ್ಪು ನೀರು ಮಾತ್ರ. ಕಣ್ಣು ಒಗ್ಗಿದ ಮೇಲೆ ಆ ಕಪ್ಪೆಲ್ಲ ಮೀನಿನ ಬೆನ್ನು ಎಂದು ಗೊತ್ತಾಯಿತು. ಗೇಣುದ್ದಕ್ಕಿಂತ ತುಸು ಹೆಚ್ಚು ಉದ್ದದ, ಬೆಳ್ಳಿ ಹೊಟ್ಟೆಯ, ಬೂದು ಹಸಿರು ಬೆನ್ನಿನ ಮೀನುಗಳು ಒಂದಕ್ಕೊಂದು ಒತ್ತಿಕೊಂಡು, ಎಲ್ಲವೂ ಒಂದೇ ದಿಕ್ಕಿಗೆ ಮುಖ ಮಾಡಿ ನಿಂತಿದ್ದವು. ನೀರಿನ ಎದುರು ಈಜುತ್ತ ಇದ್ದಲ್ಲೇ ಇರುವುದಕ್ಕೂ ಅವು ಎಷ್ಟು ದುಡಿಯಬೇಕು ಎಂಬುದು ಬಾಲಗಳ ಅದುರಿನಲ್ಲಿ ಕಾಣುತ್ತಿತ್ತು. ಒಂದು ಮೀನು ಕಂಡಿಗೆ ನುಗ್ಗಿತು, ಅರ್ಧ ಏರಿತು, ನೀರಿನ ರಭಸಕ್ಕೆ ಅಡ್ಡಬಿದ್ದು ಹಿಂದಕ್ಕೆ ಉರುಳಿತು. ಅದರ ಪಕ್ಕೆಯಲ್ಲಿ ಅಂಗುಲದಷ್ಟು ಜಾಗದಲ್ಲಿ ಹುರುಪೆ ಎದ್ದುಹೋಗಿ ನಸುಗೆಂಪು ಮಾಂಸ ಕಾಣುತ್ತಿತ್ತು. ಮತ್ತೆ ನುಗ್ಗಿತು, ಮತ್ತೆ ಉರುಳಿತು. ಐದನೆಯ ಸಲಕ್ಕೆ ಅದು ದಾಟಿದಾಗ ಅಮ್ಮ ನನ್ನ ತೋಳನ್ನು ಹಿಡಿದುಕೊಂಡಿದ್ದಳು.

"ದೊಡ್ಡ ತಾರ್ಲೆ ಇದ್ದಂಗಿದೆ ನೋಡು" ಎಂದಳು. ಅವಳು ತಾರ್ಲೆ ಎಂದದ್ದು ಮಂಗಳೂರಿನವರ ಬೂತಾಯಿ. ಹೋಲಿಕೆ ತಪ್ಪಲ್ಲ. ಬೂತಾಯಿ, ಬಂಗಾಳದವರ ಹಿಲ್ಸಾ, ಈ ಆಲ್‌ವೈಫ್ ಎಲ್ಲ ದೂರದ ದಾಯಾದಿಗಳು. ಆಲ್‌ವೈಫ್ ಕೆರೆ, ಸರೋವರಗಳ ನಿಂತ ನೀರಿನಲ್ಲಿ ಮೊಟ್ಟೆಯಿಡುತ್ತದೆ. ಅದರ ಸಮೀಪದ ಬಂಧು ಬ್ಲೂಬ್ಯಾಕ್ ಹರಿಯುವ ನೀರನ್ನು ಬಯಸುತ್ತದೆ. ಎರಡನ್ನೂ ಸೇರಿಸಿ ಇಲ್ಲಿಯವರು ರಿವರ್ ಹೆರಿಂಗ್ ಎನ್ನುತ್ತಾರೆ. ಬೇಸಿಗೆಯ ಕೊನೆಯಿಂದ ಶರತ್ಕಾಲದವರೆಗೆ ಬೆರಳುದ್ದದ ಮರಿಗಳು ಸಮುದ್ರಕ್ಕೆ ಇಳಿದು, ಮೂರರಿಂದ ಐದು ವರ್ಷ ಅಲ್ಲಿ ಬೆಳೆದು, ಹುಟ್ಟಿದ ನೀರಿನ ವಾಸನೆಯ ಗುರುತಿನ ಮೇಲೆ ಮರಳಿ ಬರುತ್ತವೆ.

ಏಣಿಯ ಬುಡದಲ್ಲಿ ಹಿಂದಿನ ಕಾಲದಿಂದಲೂ ಊರಿನ ಪರವಾಗಿ ಮೀನು ಹಿಡಿಯುವ ಪದ್ಧತಿಯಿದೆ. ಹಿಡಿದದ್ದರಲ್ಲಿ ಹೆಚ್ಚಿನದು ಲಾಬ್‌ಸ್ಟರ್ ಹಿಡಿಯುವವರ ಬಲೆಪೆಟ್ಟಿಗೆಗಳಿಗೆ ಎರೆಯಾಗಿ ಹೋಗುತ್ತದೆ, ಸ್ವಲ್ಪವನ್ನು ಹೊಗೆಯಲ್ಲಿ ಒಣಗಿಸುತ್ತಾರೆ. ಎರಡೂ ಊರುಗಳ ವಿಧವೆಯರಿಗೆ ವರ್ಷಕ್ಕೆ ಎರಡು ಬುಟ್ಟಿ ಮೀನು ಉಚಿತವಾಗಿ ಸಲ್ಲಬೇಕೆಂಬ ಹಳೆಯ ಕಟ್ಟಳೆಯನ್ನು ಕೇಳಿ, ಅಪ್ಪ ತೀರಿಹೋದ ಮೇಲೆ ಬ್ಯಾಂಕು, ತಾಲ್ಲೂಕು ಕಚೇರಿ ಎಂದು ಎರಡು ವರ್ಷ ಅಲೆದಿದ್ದ ಅಮ್ಮ ಬಹಳ ಹೊತ್ತು ಮಾತಾಡಲಿಲ್ಲ. ಹೊಳೆಯ ಮೀನು ಊರಿನ ಎಲ್ಲರದು ಎಂದು ಒಪ್ಪಿಕೊಂಡ ಸಮಾಜ ಮಾತ್ರ ಅಂಥ ಕಟ್ಟಳೆ ಮಾಡೀತು. ಮೀನಿಗಾಗಿ ಏಣಿ ಕಟ್ಟಿದ್ದಕ್ಕೂ ಅದನ್ನು ಇನ್ನೂರು ವರ್ಷ ಉಳಿಸಿಕೊಂಡದ್ದಕ್ಕೂ ಅದೇ ಕಾರಣವಿರಬೇಕು ಎಂದು ನನಗೆ ಅನಿಸಿತು.

ಏಣಿಯ ತುದಿಯಲ್ಲಿ ಹಿರಿಯ ಮಹಿಳೆಯೊಬ್ಬರು ಕೈಯಲ್ಲಿ ಎಣಿಕೆಯ ಸಣ್ಣ ಯಂತ್ರ ಹಿಡಿದು ಕುಳಿತಿದ್ದರು. ಹತ್ತು ನಿಮಿಷದಲ್ಲಿ ಕಂಡಿ ದಾಟುವ ಮೀನುಗಳನ್ನು ಎಣಿಸಿ, ಗಂಟೆ ಮತ್ತು ನೀರಿನ ತಾಪಮಾನದ ಜೊತೆಗೆ ಪುಸ್ತಕದಲ್ಲಿ ಬರೆಯುವುದು ಅವರ ಸ್ವಯಂಸೇವೆ. ಹಾಗೆ ದಿನಕ್ಕೆ ಹಲವು ಬಾರಿ ಎಣಿಸಿದ್ದನ್ನು ಲೆಕ್ಕಶಾಸ್ತ್ರದ ಸಹಾಯದಿಂದ ಹಿಗ್ಗಿಸಿದರೆ ಇಡೀ ಋತುವಿನ ಅಂದಾಜು ದೊರೆಯುತ್ತದೆ. ಅಮ್ಮ ಅಷ್ಟು ಆಸೆಯಿಂದ ನೋಡುತ್ತಿದ್ದುದನ್ನು ಕಂಡ ಅವರು, ತಮ್ಮ ಸರದಿ ಮುಗಿದ ಮೇಲೆ ಯಂತ್ರವನ್ನು ಅವಳ ಕೈಗಿತ್ತು ಒಂದೆರಡು ನಿಮಿಷ ಒತ್ತಲು ಬಿಟ್ಟರು. ಭಾಷೆ ಬಾರದ ಇಬ್ಬರ ನಡುವೆ ಆ ಕಟ್ ಕಟ್ ಶಬ್ದವೇ ಸಾಕಾಯಿತು.

ಎರಡನೆಯ ದಿನ, ಶನಿವಾರ

ಬೆಳಿಗ್ಗೆ ಒಳನಾಡಿನ ಕಡೆಗೆ ಹೊರಟು ರಾಜಧಾನಿ ಅಗಸ್ಟಾ ಸೇರಿದೆವು. ಕೆನೆಬೆಕ್ ನದಿ ಇಲ್ಲಿ ಅಗಲವಾಗಿ, ಅಂದು ತುಸು ಕೆಂಪು ಛಾಯೆಯಲ್ಲಿ ಹರಿಯುತ್ತಿತ್ತು. ದಂಡೆಯ ಮಿಲ್ ಪಾರ್ಕಿನಲ್ಲಿ ನಿಂತರೆ ಇಲ್ಲೊಂದು ಕಟ್ಟೆಯಿತ್ತು ಎನ್ನುವುದಕ್ಕೆ ಕಣ್ಣಿಗೆ ಬೀಳುವ ಗುರುತು ಬಹಳ ಕಡಿಮೆ. ನಾನು ನೋಡಬೇಕೆಂದು ವರ್ಷಗಳಿಂದ ಅಂದುಕೊಂಡಿದ್ದ ಜಾಗವಿದು.

ಎಡ್ವರ್ಡ್ಸ್ ಅಣೆಕಟ್ಟು ಇಲ್ಲಿ 1837ರಲ್ಲಿ ಎದ್ದಿತು. ಅಲ್ಲಿಯವರೆಗೆ ಕಡಲಿನಿಂದ ಬಂದು ಮೇಲೇರುತ್ತಿದ್ದ ಸಾಲ್ಮನ್, ಶ್ಯಾಡ್, ಆಲ್‌ವೈಫ್, ಸ್ಟರ್ಜನ್ ಎಲ್ಲಕ್ಕೂ ಅಂದಿನಿಂದ ಅಗಸ್ಟಾವೇ ಕೊನೆಯ ನಿಲ್ದಾಣವಾಯಿತು. ನೂರ ಅರವತ್ತು ವರ್ಷಗಳ ನಂತರ, ಅದರ ಪರವಾನಗಿ ನವೀಕರಣಕ್ಕೆ ಬಂದಾಗ, ಅದು ಉತ್ಪಾದಿಸುತ್ತಿದ್ದ ವಿದ್ಯುತ್ತು 3.5 ಮೆಗಾವ್ಯಾಟ್, ಅಂದರೆ ರಾಜ್ಯದ ಒಟ್ಟು ಬಳಕೆಯ ಸಾವಿರದಲ್ಲೊಂದು ಪಾಲು. ಮೀನಿಗೆ ಯೋಗ್ಯವಾದ ದಾರಿ ಕಟ್ಟಲು ಬೇಕಾಗುವ ಹಣ ಕಟ್ಟೆಯನ್ನೇ ತೆಗೆಯಲು ಬೇಕಾಗುವುದಕ್ಕಿಂತ ಹೆಚ್ಚು ಎಂದು ಲೆಕ್ಕ ಹಾಕಿದ ಕೇಂದ್ರ ಇಂಧನ ನಿಯಂತ್ರಣ ಆಯೋಗ, 1997ರ ನವೆಂಬರಿನಲ್ಲಿ ಪರವಾನಗಿಯನ್ನು ನಿರಾಕರಿಸಿ, ಕಟ್ಟೆ ತೆಗೆಯುವಂತೆ ಆದೇಶಿಸಿತು. ನಡೆಯುತ್ತಿರುವ ವಿದ್ಯುತ್ ಕಟ್ಟೆಯೊಂದನ್ನು ಮಾಲೀಕರ ಇಚ್ಛೆಗೆ ವಿರುದ್ಧವಾಗಿ ತೆಗೆಯಲು ಅಮೆರಿಕದ ಸರ್ಕಾರ ಹೇಳಿದ್ದು ಅದೇ ಮೊದಲು. 1999ರ ಜುಲೈ 1ರಂದು ಗಂಟೆ ಬಾರಿಸಿ ಕಟ್ಟೆಯನ್ನು ಒಡೆದರು. ಅಗಸ್ಟಾದಿಂದ ವಾಟರ್‌ವಿಲ್‌ವರೆಗೆ 17 ಮೈಲಿ ನದಿ ಮತ್ತೆ ಹರಿಯತೊಡಗಿತು. ಈಗ ಬೇಸಿಗೆಯಲ್ಲಿ ಆಳುದ್ದದ ಸ್ಟರ್ಜನ್ ಮೀನುಗಳು ನಗರದ ನಡುವೆಯೇ ನೀರಿನಿಂದ ಮೇಲಕ್ಕೆ ನೆಗೆದು ಬೀಳುವುದನ್ನು ಜನ ಸೇತುವೆಯ ಮೇಲೆ ನಿಂತು ನೋಡುತ್ತಾರೆ. ನಮಗೆ ಆ ಭಾಗ್ಯವಿರಲಿಲ್ಲ. ಅದಕ್ಕೆ ಇನ್ನೂ ಕೆಲವು ವಾರ ಕಾಯಬೇಕಿತ್ತು.

ಇಲ್ಲಿ ನಿಂತಾಗಲೇ ಅಮ್ಮ ಆ ಪ್ರಶ್ನೆ ಕೇಳಿದಳು: "ಕಟ್ಟೆ ತೆಗೆದ್ರೆ ಕರೆಂಟಿಗೆ ಏನ್ ಮಾಡ್ತಾರೆ ಮಗಾ?" ನಾಡಿಗೆ ಬೆಳಕು ಬರಲಿ ಎಂದು ಮನೆ, ಗದ್ದೆ, ದೇವರ ಬನ ಬಿಟ್ಟು ಎದ್ದುಬಂದವರ ಮಗಳು ಕೇಳುವ ಪ್ರಶ್ನೆಗೆ ಸಾವಿರದಲ್ಲೊಂದು ಪಾಲಿನ ಉತ್ತರ ಸಾಲದು ಎಂದು ನನಗೆ ಗೊತ್ತಿತ್ತು. ನಾಳೆ ಹೇಳುತ್ತೇನೆ, ನಾಳೆ ನೋಡುವ ನದಿಯಲ್ಲಿ ಅದಕ್ಕೆ ಉತ್ತರವಿದೆ ಎಂದೆ.

ಅಲ್ಲಿಂದ ಇಪ್ಪತ್ತು ಮೈಲಿ ಮೇಲಕ್ಕೆ, ವಿನ್ಸ್ಲೋ ಎಂಬಲ್ಲಿ ಸೆಬಾಸ್ಟಿಕುಕ್ ನದಿ ಕೆನೆಬೆಕ್ಕನ್ನು ಸೇರುತ್ತದೆ. ಸಂಗಮದ ಬಳಿಯಿದ್ದ ಫೋರ್ಟ್ ಹ್ಯಾಲಿಫ್ಯಾಕ್ಸ್ ಕಟ್ಟೆಯನ್ನು 2008ರಲ್ಲಿ ತೆಗೆದರು. ಅದರ ಮೇಲಿನ ಬೆಂಟನ್ ಫಾಲ್ಸ್ ಕಟ್ಟೆಯಲ್ಲಿ 2006ರಿಂದಲೇ ಮೀನುಗಳನ್ನು ತೊಟ್ಟಿಯಲ್ಲಿ ಎತ್ತಿ ಕಟ್ಟೆ ದಾಟಿಸುವ ಲಿಫ್ಟ್ ಇತ್ತು. ಕೆಳಗಿನ ಅಡ್ಡಿ ತೊಲಗಿದ್ದೇ ತಡ, ಮೀನುಗಳು ನೇರವಾಗಿ ಲಿಫ್ಟಿನ ಬಾಯಿಗೇ ಬಂದವು. 2018ರಲ್ಲಿ ಹಾಗೆ ಮೇಲೇರಿದ ರಿವರ್ ಹೆರಿಂಗ್‌ಗಳ ಎಣಿಕೆ 50 ಲಕ್ಷ ದಾಟಿತ್ತು. ಬೆಂಟನ್ನಿನ ಸೇತುವೆಯಿಂದ ಕೆಳಗೆ ನೋಡುತ್ತಿದ್ದಾಗ ಬೋಳುಹದ್ದುಗಳನ್ನು ಎಣಿಸಲು ಹೊರಟು ಹದಿನೇಳಕ್ಕೆ ಬಿಟ್ಟುಬಿಟ್ಟೆವು. ಒಂದು ಮರದಲ್ಲೇ ನಾಲ್ಕು ಕುಳಿತಿದ್ದವು, ಹೊಟ್ಟೆ ತುಂಬಿದವುಗಳ ನಿಧಾನ ಅವುಗಳ ಕೂತ ಭಂಗಿಯಲ್ಲೇ ಇತ್ತು. ಬೆಂಟನ್ ಊರೂ ತನ್ನ ಪಾಲಿನ ಮೀನು ಹಿಡಿದು ಲಾಬ್‌ಸ್ಟರ್ ದೋಣಿಗಳವರಿಗೆ ಮಾರುತ್ತದೆ, ಆ ಆದಾಯ ಊರಿಗೇ ಸೇರುತ್ತದೆ.

ಸೆಬಾಸ್ಟಿಕುಕ್‌ನ ಯಶಸ್ಸಿಗೆ ಕಟ್ಟೆ ತೆಗೆದದ್ದು ಅರ್ಧ ಕಾರಣ ಮಾತ್ರ. ಮೇಲೆ ಮೊಟ್ಟೆಯಿಡಲು ಸರೋವರಗಳಿವೆ, ಅವುಗಳಿಗೆ ಹೋಗುವ ತೊರೆಗಳೂ ಒಂದೊಂದಾಗಿ ತೆರೆದುಕೊಂಡಿವೆ ಎನ್ನುವುದು ಉಳಿದರ್ಧ. ಚೈನಾ ಲೇಕ್ ಎಂಬ ಸರೋವರದಿಂದ ಇಳಿದುಬರುವ ಔಟ್‌ಲೆಟ್ ಸ್ಟ್ರೀಮ್ ಎಂಬ ಸಣ್ಣ ತೊರೆಯ ಮೇಲೆ ಹಳೆಯ ಗಿರಣಿಗಳ ಆರು ಕಟ್ಟೆಗಳಿದ್ದವು. ಮೂರನ್ನು ತೆಗೆದು, ಉಳಿದ ಮೂರಕ್ಕೆ ಏಣಿ ಕಟ್ಟಿ ಮುಗಿಸಿದ ಮೇಲೆ, 2022ರಲ್ಲಿ ಆಲ್‌ವೈಫ್‌ಗಳು ಇನ್ನೂರಕ್ಕೂ ಹೆಚ್ಚು ವರ್ಷಗಳ ನಂತರ ಆ ಸರೋವರವನ್ನು ತಾವಾಗಿ ಸೇರಿದವು. ಇಂಥ ಕೆಲಸದಲ್ಲಿ ಐದು ಕಟ್ಟೆ ದಾಟಿಸಿ ಆರನೆಯದರಲ್ಲಿ ನಿಲ್ಲಿಸಿದರೆ ಫಲ ಹೆಚ್ಚುಕಡಿಮೆ ಸೊನ್ನೆ. ಆರೂ ಕಟ್ಟೆಗಳ ಮಾಲೀಕರ ಮನೆಗಳಿಗೆ ಹೋಗಿ ಕುಳಿತು ಮಾತಾಡಿದವರ ತಾಳ್ಮೆಯನ್ನು ನಾನು ದೊಡ್ಡ ಎಂಜಿನಿಯರಿಂಗಿಗಿಂತ ಮೇಲೆ ಎಣಿಸುತ್ತೇನೆ.

ಇದಕ್ಕೆ ವ್ಯತಿರಿಕ್ತವಾಗಿ, ಕೆನೆಬೆಕ್‌ನ ಮುಖ್ಯ ಹರಿವಿನಲ್ಲಿ ವಾಟರ್‌ವಿಲ್‌ನಿಂದ ಮೇಲಕ್ಕೆ ಒಂದರ ಹಿಂದೆ ಒಂದರಂತೆ ನಾಲ್ಕು ಕಟ್ಟೆಗಳು ನಿಂತಿವೆ. ಮೊದಲನೆಯದಾದ ಲಾಕ್‌ವುಡ್‌ನಲ್ಲಿ ಲಿಫ್ಟಿಗೆ ಸಿಕ್ಕುವ ಬೆರಳೆಣಿಕೆಯ ಸಾಲ್ಮನ್‌ಗಳನ್ನು ಟ್ರಕ್ಕಿನಲ್ಲಿ ಹಾಕಿಕೊಂಡು ಸ್ಯಾಂಡಿ ನದಿಗೆ ಒಯ್ದು ಬಿಡುತ್ತಾರೆ. ತಣ್ಣಗಿನ, ಜಲ್ಲಿಕಲ್ಲಿನ ತಳದ ಆ ನದಿ ಸಾಲ್ಮನ್‌ಗಳಿಗೆ ಹೇಳಿ ಮಾಡಿಸಿದಂತಿದೆ. ಆದರೆ ಸಮುದ್ರಕ್ಕೆ ಹೊರಡುವ ಅವುಗಳ ಮರಿಗಳಿಗೆ ಟ್ರಕ್ಕಿಲ್ಲ, ಅವು ನಾಲ್ಕೂ ಕಟ್ಟೆಗಳ ಟರ್ಬೈನುಗಳನ್ನೂ ತೂಬುಗಳನ್ನೂ ದಾಟಿಯೇ ಇಳಿಯಬೇಕು. ಏರುವ ಮೀನಿನ ಚಿತ್ರ ಎಲ್ಲರ ಮನಸ್ಸಿನಲ್ಲಿದೆ, ಇಳಿಯುವ ಮೀನಿನ ಚಿತ್ರ ಯಾರಲ್ಲೂ ಇಲ್ಲ. ಮೀನಿನ ದಾರಿಯ ಬಗ್ಗೆ ನಡೆಯುವ ಚರ್ಚೆಯಲ್ಲಿ ನನಗೆ ಯಾವಾಗಲೂ ಕಾಡುವ ಕೊರತೆ ಇದು.

ರಾತ್ರಿ ಬ್ಯಾಂಗೋರಿನಲ್ಲಿ ತಂಗಿದೆವು. ದಾರಿಬದಿಯಲ್ಲಿ ಜರೀಗಿಡದ ಎಳೆ ಸುರುಳಿಗಳನ್ನು ಚೀಲದಲ್ಲಿ ತುಂಬಿ ಮಾರುತ್ತಿದ್ದರು. ಕೊಡಗಿನವರ ತೆರ್ಮೆ ಸೊಪ್ಪಿನ ಬಂಧುವೇ ಇದು, ಚೆನ್ನಾಗಿ ಬೇಯಿಸದೆ ತಿನ್ನಬಾರದು. ಇಲ್ಲಿ ಆಲ್‌ವೈಫ್ ಏರುವುದೂ ಈ ಸುರುಳಿ ಒಡೆಯುವುದೂ ಒಂದೇ ಕಾಲಕ್ಕೆ. ಕೊಠಡಿಯ ಪುಟ್ಟ ಒಲೆಯಲ್ಲಿ ಅಮ್ಮ ಅದನ್ನು ಎರಡು ನೀರು ಬಸಿದು, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು ಪಲ್ಯ ಮಾಡಿದಳು.

ಮೂರನೆಯ ದಿನ, ಭಾನುವಾರ

ಪೆನಾಬ್‌ಸ್ಕಾಟ್ ಮೇಯ್ನ್‌ನ ಅತಿ ದೊಡ್ಡ ನದಿ, ನ್ಯೂ ಇಂಗ್ಲೆಂಡ್ ಎಂದು ಕರೆಯುವ ಈ ಈಶಾನ್ಯ ರಾಜ್ಯಗಳಲ್ಲಿ ಎರಡನೆಯದು. ಹಿಂದೊಮ್ಮೆ ಇದರಲ್ಲಿ ವರ್ಷಕ್ಕೆ 50 ಸಾವಿರದಿಂದ ಒಂದು ಲಕ್ಷ ಸಾಲ್ಮನ್‌ಗಳೂ ಒಂದು ಕೋಟಿಗೂ ಮಿಗಿಲಾದ ಆಲ್‌ವೈಫ್‌ಗಳೂ ಏರುತ್ತಿದ್ದವೆಂದು ಅಂದಾಜಿಸಿದ್ದಾರೆ. 19ನೇ ಶತಮಾನದಲ್ಲಿ ಮರದ ದಿಮ್ಮಿಗಳ ವ್ಯಾಪಾರಕ್ಕಾಗಿ ಕಟ್ಟೆಗಳೆದ್ದವು, ಆಮೇಲೆ ಕಾಗದದ ಕಾರ್ಖಾನೆಗಳ ಕೊಳೆ ಬಂತು. ಋತುವಿನ ಮೊದಲ ಸಾಲ್ಮನ್ನನ್ನು ದೇಶದ ಅಧ್ಯಕ್ಷರಿಗೆ ಕಳಿಸುವ ಗೌರವದ ಸಂಪ್ರದಾಯ ಬ್ಯಾಂಗೋರಿನಲ್ಲಿ 1912ರಲ್ಲಿ ಟಾಫ್ಟ್ ಅವರಿಂದ ಆರಂಭವಾಗಿ 1992ರಲ್ಲಿ ಹಿರಿಯ ಬುಷ್ ಅವರೊಂದಿಗೆ ನಿಂತಿತು. ಮೀನು ಅಷ್ಟು ಕಡಿಮೆಯಾಗಿತ್ತು. ಈಗ ಈ ನದಿಗಳ ಅಟ್ಲಾಂಟಿಕ್ ಸಾಲ್ಮನ್ ಅಳಿವಿನಂಚಿನ ಜೀವಿಗಳ ಪಟ್ಟಿಯಲ್ಲಿದೆ, ಅದನ್ನು ಹಿಡಿಯುವುದು ಅಪರಾಧ.

ವೀಜಿ ಎಂಬ ಊರಿನ ದಂಡೆಯಲ್ಲಿ ನಿಂತು ಅಮ್ಮನ ನಿನ್ನೆಯ ಪ್ರಶ್ನೆಗೆ ಉತ್ತರ ಹೇಳಿದೆ. ಈ ನದಿಯ ಕಟ್ಟೆಗಳ ಬಗ್ಗೆ ದಶಕಗಳ ಕಾಲ ಜಗಳವಾಡಿದ ವಿದ್ಯುತ್ ಕಂಪನಿ, ಪೆನಾಬ್‌ಸ್ಕಾಟ್ ಮೂಲನಿವಾಸಿಗಳು, ಪರಿಸರ ಸಂಘಟನೆಗಳು, ರಾಜ್ಯ ಮತ್ತು ಕೇಂದ್ರ ಸರ್ಕಾರಗಳು 2004ರಲ್ಲಿ ಒಂದು ಒಪ್ಪಂದಕ್ಕೆ ಬಂದವು. ಮೂರು ಕಟ್ಟೆಗಳನ್ನು ಪೆನಾಬ್‌ಸ್ಕಾಟ್ ನದಿ ಪುನರುಜ್ಜೀವನ ಟ್ರಸ್ಟ್ ಕೊಂಡುಕೊಳ್ಳುವುದು, ಅದಕ್ಕೆ ಬದಲಾಗಿ ಮೀನಿನ ಮುಖ್ಯ ದಾರಿಗೆ ಅಷ್ಟು ಅಡ್ಡ ಬಾರದ ಬೇರೆ ಕಟ್ಟೆಗಳಲ್ಲಿ ಕಂಪನಿ ಹೆಚ್ಚು ವಿದ್ಯುತ್ ಉತ್ಪಾದಿಸಿಕೊಳ್ಳುವುದು. ಪಕ್ಕದ ಕವಲಾದ ಸ್ಟಿಲ್‌ವಾಟರ್‌ನಲ್ಲೂ ಒರೋನೋದಲ್ಲೂ ಹೊಸ ವಿದ್ಯುದಾಗಾರಗಳು ಎದ್ದವು. ಟ್ರಸ್ಟ್ ಸುಮಾರು 2.5 ಕೋಟಿ ಡಾಲರ್ ಒಟ್ಟುಗೂಡಿಸಿ 2010ರಲ್ಲಿ ಮೂರು ಕಟ್ಟೆಗಳನ್ನು ಖರೀದಿಸಿತು. ಗ್ರೇಟ್ ವರ್ಕ್ಸ್ ಕಟ್ಟೆಯನ್ನು 2012ರಲ್ಲಿ, ವೀಜಿ ಕಟ್ಟೆಯನ್ನು 2013ರಲ್ಲಿ ತೆಗೆದರು. ಮೂರನೆಯದಾದ ಹೌಲೆಂಡ್ ಕಟ್ಟೆಯನ್ನು ಉಳಿಸಿಕೊಂಡು ಅದನ್ನು ಬಳಸಿ ಹೋಗುವ ಕಾಲುವೆ ತೋಡಿದರು. ಇಷ್ಟೆಲ್ಲ ಆದ ಮೇಲೂ ಒಟ್ಟು ವಿದ್ಯುತ್ತು ಕಡಿಮೆಯಾಗಲಿಲ್ಲ.

ಅಮ್ಮ ಯೋಚಿಸಿದಳು. "ಹಂಗಾದ್ರೆ ಎಲ್ಲ ಕಟ್ಟೆನೂ ಒಂದೇ ಅಲ್ಲ. ಯಾವ್ದು ಎಲ್ಲಿ ಕೂತಿದೆ ಅನ್ನೋದು ಮುಖ್ಯ" ಎಂದಳು. ವಿಷಯವನ್ನು ವರ್ಷಗಟ್ಟಲೆ ಓದಿಕೊಂಡಿದ್ದ ನಾನು ಇಷ್ಟು ಚೊಕ್ಕವಾಗಿ ಹೇಳಿರಲಿಲ್ಲ. ಇಡೀ ನದಿಯನ್ನು ಒಂದಾಗಿ ಎದುರಿಗಿಟ್ಟುಕೊಂಡು, ಯಾವ ಕಟ್ಟೆ ಕೊಡುವುದೆಷ್ಟು, ತಡೆಯುವುದೆಷ್ಟು ಎಂದು ತೂಗಿನೋಡಿದ್ದೇ ಪೆನಾಬ್‌ಸ್ಕಾಟ್ ಒಪ್ಪಂದದ ವಿಶೇಷ. ಒಂದೊಂದು ಕಟ್ಟೆಯ ಬಾಗಿಲಲ್ಲೂ ಪ್ರತ್ಯೇಕವಾಗಿ ಹೋರಾಡಿದ್ದರೆ ಇನ್ನೂ ನ್ಯಾಯಾಲಯದಲ್ಲೇ ಇರುತ್ತಿದ್ದರು.

ಓಲ್ಡ್ ಟೌನ್‌ನಲ್ಲಿ ಮಿಲ್‌ಫರ್ಡ್ ಕಟ್ಟೆ ಉಳಿದಿದೆ, ಈಗ ಕಡಲಿನಿಂದ ಬರುವ ಮೀನಿಗೆ ಮುಖ್ಯ ಹರಿವಿನಲ್ಲಿ ಎದುರಾಗುವ ಮೊದಲ ತಡೆ ಇದೇ. 2014ರಿಂದ ಇಲ್ಲಿ ಲಿಫ್ಟ್ ಕೆಲಸ ಮಾಡುತ್ತಿದೆ. ಕಟ್ಟೆಯ ಬುಡದಲ್ಲಿ ರಭಸದ ನೀರು ಬಿಟ್ಟು ಮೀನುಗಳನ್ನು ಒಂದು ಕಾಲುವೆಗೆ ಸೆಳೆಯುತ್ತಾರೆ. ಅಲ್ಲಿಂದ ಅವು ನೀರು ತುಂಬಿದ ದೊಡ್ಡ ತೊಟ್ಟಿಯೊಂದಕ್ಕೆ ಸೇರುತ್ತವೆ, ತೊಟ್ಟಿ ಮೇಲೇರಿ ಹಿನ್ನೀರಿನ ಕಡೆಗೆ ಅವುಗಳನ್ನು ಸುರಿಯುತ್ತದೆ. ಏಣಿಗಳಲ್ಲಿ ಕಂಗೆಟ್ಟು ಹಿಂದಿರುಗುವ ಶ್ಯಾಡ್‌ನಂಥ ಮೀನಿಗೆ ಲಿಫ್ಟೇ ವಾಸಿ ಎಂಬ ನಂಬಿಕೆಯಿಂದ ಇದನ್ನು ಕಟ್ಟಿದ್ದಾರೆ. ಒಳಗೆ ಹೋಗಿ ನೋಡುವ ನನ್ನ ಆಸೆ ಕೈಗೂಡಲಿಲ್ಲ, ರಜೆಯ ದಿನ ಬಾಗಿಲು ಮುಚ್ಚಿತ್ತು. ಹೊರಡುವ ಮುನ್ನ ವಿಚಾರಿಸದೆ ಬಂದದ್ದು ನನ್ನ ತಪ್ಪು. ಎದುರು ದಂಡೆಯಿಂದ ಕಾಣುವಷ್ಟನ್ನು ನೋಡಿದೆವು.

ಕಟ್ಟೆಗಳು ಹೋಗುವ ಮೊದಲು ಈ ನದಿಯಲ್ಲಿ ಏರುತ್ತಿದ್ದ ರಿವರ್ ಹೆರಿಂಗ್ ಕೆಲವೇ ಸಾವಿರ, ಈಗ ಹತ್ತಾರು ಲಕ್ಷ. ಕಟ್ಟೆ ತೆಗೆಯುವ ಮುಂಚಿನಿಂದಲೇ ಬೇರೆ ಹೊಳೆಗಳ ಆಲ್‌ವೈಫ್‌ಗಳನ್ನು ಮೇಲಿನ ಸರೋವರಗಳಲ್ಲಿ ತಂದು ಬಿಟ್ಟಿದ್ದರಿಂದ, ದಾರಿ ತೆರೆದಾಗ ಮರಳಿ ಬರಬೇಕಾದ ಪೀಳಿಗೆ ಸಮುದ್ರದಲ್ಲಿ ಸಿದ್ಧವಾಗಿತ್ತು. ಸಾಲ್ಮನ್‌ಗಳ ಕಥೆ ಬೇರೆ. ಒಳ್ಳೆಯ ವರ್ಷದಲ್ಲಿ ಸಾವಿರದಿಂದ ಒಂದೂವರೆ ಸಾವಿರ ಬರುತ್ತವೆ, ಅವುಗಳಲ್ಲಿ ಹೆಚ್ಚಿನವು ಮರಿಕೇಂದ್ರದಲ್ಲಿ ಬೆಳೆಸಿ ಬಿಟ್ಟವು. ಮಿಲ್‌ಫರ್ಡ್‌ನಲ್ಲಿ ಸಿಕ್ಕ ಕೆಲವನ್ನು ಈಸ್ಟ್ ಒರ್ಲೆಂಡಿನ ಕ್ರೇಗ್ ಬ್ರೂಕ್ ಮರಿಕೇಂದ್ರಕ್ಕೆ ಒಯ್ದು, ಶರತ್ಕಾಲದಲ್ಲಿ ಅವುಗಳ ಮೊಟ್ಟೆ ತೆಗೆದು ಮುಂದಿನ ಪೀಳಿಗೆ ಬೆಳೆಸುತ್ತಾರೆ. ಗ್ರೀನ್‌ಲೆಂಡಿನ ತನಕ ಹೋಗಿ ಎರಡು ಚಳಿಗಾಲ ಕಳೆದು ಬರುವ ಮೀನಿಗೆ ಸಮುದ್ರದಲ್ಲೂ ಕಷ್ಟ ಹೆಚ್ಚಿದೆ, ನದಿಯನ್ನು ಸರಿಪಡಿಸಿದರಷ್ಟೇ ಸಾಲದು.

ಹೀಗಾಗಿ ಎಷ್ಟೋ ಜನ ಈ ಯೋಜನೆಯನ್ನು ಸಾಲ್ಮನ್‌ಗಳ ಲೆಕ್ಕದಿಂದ ಅಳೆದು ಸೋತಿತು ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಕಣ್ಣಿಗೆ ಚೆಲುವಿಲ್ಲದ, ತಟ್ಟೆಯಲ್ಲಿ ಮರ್ಯಾದೆಯಿಲ್ಲದ, ಎರೆಗೆ ಹೋಗುವ ಆಲ್‌ವೈಫ್ ಮೀನಿನ ಮೇಲೆ ಈ ನದಿಯ ಉಳಿದೆಲ್ಲ ಜೀವಗಳೂ ನಿಂತಿವೆ. ಸಾಲ್ಮನ್ ಮರಿಗಳು ಮೇ ತಿಂಗಳಲ್ಲಿ ಸಮುದ್ರಕ್ಕೆ ಇಳಿಯುವಾಗ ಎದುರಿನಿಂದ ಲಕ್ಷೋಪಲಕ್ಷ ಆಲ್‌ವೈಫ್‌ಗಳು ಏರುತ್ತಿದ್ದರೆ, ಹದ್ದು, ನೀರುಕಾಗೆ, ಸೀಲ್‌ಗಳ ಕಣ್ಣು ಅತ್ತ ಹೋಗಿ ಮರಿಗಳು ಬದುಕಿಕೊಳ್ಳುತ್ತವೆ ಎಂದು ವಿಜ್ಞಾನಿಗಳು ಭಾವಿಸುತ್ತಾರೆ. ಸಿಹಿನೀರಿನ ಒಂದು ಬಗೆಯ ಚಿಪ್ಪುಜೀವಿ ತನ್ನ ಮರಿಗಳನ್ನು ಆಲ್‌ವೈಫ್ ಕಿವಿರಿಗೆ ಅಂಟಿಸಿ ಮೇಲಿನ ಕೆರೆಗಳಿಗೆ ಸಾಗಿಸುತ್ತದೆ. ಕರಾವಳಿಯ ಕಾಡ್ ಎಂಬ ಮೀನು ಎಲ್ಲಿ ಮೊಟ್ಟೆಯಿಡುತ್ತಿತ್ತು ಎಂಬುದನ್ನು ಹಳೆಯ ಮೀನುಗಾರರನ್ನು ಕೇಳಿ ಕೇಳಿ ನಕ್ಷೆ ಮಾಡಿದ ಟೆಡ್ ಏಮ್ಸ್, ತಾವೂ ಮೀನುಗಾರರಾಗಿದ್ದವರು, ಆ ಜಾಗಗಳು ಆಲ್‌ವೈಫ್ ಹೊಳೆಗಳ ಬಾಯಿಗೆ ಹೊಂದಿಕೊಂಡಿದ್ದನ್ನು ತೋರಿಸಿದರು. ಹೊಳೆ ಬತ್ತಿದರೆ ಕಡಲೂ ಬಡವಾಗುತ್ತದೆ ಎನ್ನುವುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ನನಗೆ ಬೇರೆ ಸಿಕ್ಕಿಲ್ಲ.

ಕಟ್ಟೆಯ ಮಗ್ಗುಲಲ್ಲೇ ಇರುವ ಇಂಡಿಯನ್ ಐಲೆಂಡ್ ಪೆನಾಬ್‌ಸ್ಕಾಟ್ ಜನರ ನೆಲೆ. ಅವರ ನೆಲವೆಂದರೆ ಈ ನದಿಯ ಇನ್ನೂರಕ್ಕೂ ಹೆಚ್ಚು ನಡುಗಡ್ಡೆಗಳು. ಜೀವನಾಧಾರಕ್ಕಾಗಿ ಮೀನು ಹಿಡಿಯುವ ಹಕ್ಕು ಅವರಿಗಿದೆ, ಆದರೂ ಸಾಲ್ಮನ್ ಹಿಡಿಯುವುದನ್ನು ಅವರಾಗಿಯೇ ಬಿಟ್ಟಿದ್ದಾರೆ. ನದಿಯ ಹಳೆಯ ವಿಷ ಇನ್ನೂ ಪೂರ್ತಿ ಹೋಗಿಲ್ಲ, ಮೀನು ಎಷ್ಟು ತಿನ್ನಬಹುದು ಎಂಬ ಎಚ್ಚರಿಕೆಗಳು ಇಂದಿಗೂ ಜಾರಿಯಲ್ಲಿವೆ. ಹಕ್ಕು ಇದ್ದು ಮೀನಿಲ್ಲದಿದ್ದ ಕಾಲದಿಂದ, ಮೀನು ಬಂದರೂ ಅಂಜಿ ತಿನ್ನಬೇಕಾದ ಕಾಲಕ್ಕೆ ಅವರು ಬಂದಿದ್ದಾರೆ. ಸೇತುವೆ ದಾಟಿ ಹೋಗಿ, ಹೊಳೆಯ ಕಡೆ ಮುಖ ಮಾಡಿದ ಚರ್ಚಿನ ಹತ್ತಿರ ಸ್ವಲ್ಪ ಹೊತ್ತು ನಿಂತು, ಹಿಂತಿರುಗಿದೆವು.

ಮಧ್ಯಾಹ್ನದ ಮೇಲೆ ಬ್ರ್ಯಾಡ್ಲಿಯ ಲಿಯೊನಾರ್ಡ್ಸ್ ಮಿಲ್ಸ್‌ಗೆ ಹೋದೆವು. ಹಳೆಯ ಗರಗಸದ ಗಿರಣಿಯ ಪಕ್ಕದಲ್ಲಿ ಬ್ಲ್ಯಾಕ್‌ಮನ್ ಎಂಬ ತೊರೆಗೆ ಕಲ್ಲಿನ ಹೊಂಡಗಳ ಏಣಿ ಕಟ್ಟಿದ್ದಾರೆ, ಮೀನುಗಳು ಇದನ್ನೇರಿ ಕೀಮೋ ಪಾಂಡ್ ಎಂಬ ಕೆರೆಗೆ ಹೋಗುತ್ತವೆ. ಕಚ್ಚಿದರೆ ರಕ್ತ ಸುರಿಯುವ ಇಲ್ಲಿನ ಕಪ್ಪು ನೊಣಗಳಿಗೆ ಹೆದರಿ ತಲೆಗೆ ಸೆರಗು ಸುತ್ತಿಕೊಂಡ ಅಮ್ಮ ಒಂದು ಚಪ್ಪಟೆ ಬಂಡೆಯ ಮೇಲೆ ಕುಳಿತು ನೀರಿಗೆ ಕೈಬಿಟ್ಟಳು. ಮೀನುಗಳು ಮೊದಲು ಚದುರಿದವು, ಕೈ ಅಲುಗದಿದ್ದಾಗ ಮರಳಿ ಬಂದು ಬೆರಳುಗಳ ನಡುವೆಯೇ ನಿಂತವು. ಬಂಡೆಯ ಒದ್ದೆ ಪಾಚಿಯ ಮೇಲೆ ಕಡ್ಡಿಗಿಂತ ತೆಳ್ಳಗಿನ, ಗಾಜಿನಂಥ ಎರಡು ಜೀವಗಳು ಮೈ ತಿರುಚುತ್ತ ಹತ್ತುತ್ತಿದ್ದುದನ್ನು ಅವಳೇ ನೋಡಿ ನನ್ನನ್ನು ಕರೆದಳು. "ಹಾವುಮೀನಿನ ಮರಿ" ಎಂದಳು. ಸರಿಯಾಗಿತ್ತು. ಈಲ್‌ಗಳ ಯಾತ್ರೆ ತಿರುವುಮುರುವು: ದೂರದ ಸರ್ಗಾಸೋ ಸಮುದ್ರದಲ್ಲಿ ಹುಟ್ಟಿ, ಹೊಳೆಗಳಲ್ಲಿ ಬೆಳೆದು, ಮತ್ತೆ ಮೊಟ್ಟೆಯಿಡಲು ಅಲ್ಲಿಗೇ ಹೋಗುತ್ತವೆ. ಈ ಗಾಜಿನ ಮರಿಗಳಿಗೆ ಪೌಂಡಿಗೆ ಎರಡು ಸಾವಿರ ಡಾಲರಿಗೂ ಹೆಚ್ಚು ಬೆಲೆ ಬಂದ ವರ್ಷಗಳಿವೆ. ತವರಿನ ಹೊಳೆಯಲ್ಲಿ ತೋಳಿನಷ್ಟು ದಪ್ಪದ ಹಾವುಮೀನು ಸಿಗುತ್ತಿತ್ತು ಎಂದು ಅಮ್ಮ ಅಳತೆ ತೋರಿಸಿದಳು. ನಮ್ಮ ನಾಡಿನ ಹಾವುಮೀನೂ ಸಮುದ್ರಕ್ಕೆ ಹೋಗಿಯೇ ಮೊಟ್ಟೆಯಿಡಬೇಕು ಎಂದು ಹೇಳಿದಾಗ, ಕೈಯನ್ನು ಹಾಗೆಯೇ ಹಿಡಿದುಕೊಂಡು ನನ್ನ ಮುಖ ನೋಡಿದಳು.

ನಾಲ್ಕನೆಯ ದಿನ, ಸೋಮವಾರ

ಹೌಲೆಂಡ್ ಇನ್ನೂ ಮೂವತ್ತೈದು ಮೈಲಿ ಉತ್ತರಕ್ಕೆ, ಪಿಸ್ಕಾಟಾಕ್ವಿಸ್ ಉಪನದಿ ಪೆನಾಬ್‌ಸ್ಕಾಟನ್ನು ಸೇರುವಲ್ಲಿದೆ. ಸಣ್ಣ ಊರು, ರಜೆಯ ಬೆಳಗಿನಲ್ಲಿ ನಿಶ್ಶಬ್ದವಾಗಿತ್ತು. ಕಟ್ಟೆಯನ್ನು ಬಳಸಿಕೊಂಡು ಹೋಗುವ ಕಾಲುವೆಯನ್ನು ಕಾಲುವೆ ಎಂದು ಕರೆಯಲು ಮನಸ್ಸು ಬರುವುದಿಲ್ಲ: ಬಂಡೆಗಳನ್ನು ಅಲ್ಲಲ್ಲಿ ಇರಿಸಿ, ಇಳಿಜಾರನ್ನು ಹದವಾಗಿ ಹರಡಿ, ನಿಜವಾದ ಹೊಳೆಯ ಒಂದು ತುಂಡಿನಂತೆಯೇ ಮಾಡಿದ್ದಾರೆ. ಇಲ್ಲಿ ತೊಟ್ಟಿಯಿಲ್ಲ, ಮೋಟಾರಿಲ್ಲ, ಗೇಟು ತೆರೆಯುವ ನೌಕರನೂ ಬೇಕಿಲ್ಲ. ಏರುವ ಮೀನಿಗೂ ಇಳಿಯುವ ಮರಿಗೂ ಇದು ಒಂದೇ ದಾರಿ, ಇರುಳೂ ಹಗಲೂ ತೆರೆದೇ ಇರುತ್ತದೆ. ನಾಲ್ಕು ದಿನಗಳಲ್ಲಿ ನೋಡಿದ ಏಣಿ, ಲಿಫ್ಟು, ಟ್ರಕ್ಕುಗಳಿಗಿಂತ ನನಗೆ ಹೆಚ್ಚು ಹಿಡಿಸಿದ್ದು ಇದೇ. ಕಟ್ಟೆ ತೆಗೆಯಲಾಗದ ಕಡೆ, ಜಾಗವಿದ್ದರೆ, ಮೊದಲು ಯೋಚಿಸಬೇಕಾದದ್ದೂ ಇದನ್ನೇ.

ಅರ್ಧ ಗಂಟೆ ನಿಂತರೂ ಏನೂ ಕಾಣಲಿಲ್ಲ. ಚಹಾದ ಬಣ್ಣದ ನೀರು, ಬಂಡೆಯ ಹಿಂದೆ ಸುಳಿ, ಅದರ ಮೇಲೆ ಬಿಳಿ ನೊರೆ. ಸಂಜೆಯೊಳಗೆ ಬಾಸ್ಟನ್ ಸೇರಬೇಕಾದ ನಾನು ಕಾರಿನ ಕಡೆ ಹೊರಟಿದ್ದೆ. ಅಮ್ಮ ಬರಲಿಲ್ಲ. ತಿರುಗಿ ನೋಡಿದರೆ ಬೆರಳೆತ್ತಿ ಸುಮ್ಮನಿರು ಎಂದು ಸನ್ನೆ ಮಾಡಿದಳು. ದಂಡೆಯ ಸಮೀಪ, ನೀರು ತೆಳುವಾಗಿದ್ದಲ್ಲಿ, ಕಪ್ಪು ಎಳೆಯೊಂದು ತುಂಡು ತುಂಡಾಗಿ ಮೇಲಕ್ಕೆ ಸರಿಯುತ್ತಿತ್ತು.

ಅಮ್ಮ ಕೈಗಡಿಯಾರ ನೋಡಿಕೊಂಡು ಕಲ್ಲಿನ ಮೇಲೆ ಕುಳಿತಳು. ಬಲಗೈಯ ಹೆಬ್ಬೆರಳಿನಿಂದ ಬೆರಳ ಗೆಣ್ಣುಗಳನ್ನು ಮುಟ್ಟುತ್ತ, ತುಟಿಯಲ್ಲೇ ಎಣಿಸುತ್ತ, ಸರಿಯಾಗಿ ಹತ್ತು ನಿಮಿಷ ಕಣ್ಣು ಕೀಳಲಿಲ್ಲ. ಆಮೇಲೆ ನನ್ನಿಂದ ಪೆನ್ನು ಇಸಿದುಕೊಂಡು, ಚೀಲದಲ್ಲಿದ್ದ ಅಂಗಡಿ ಚೀಟಿಯ ಹಿಂಬದಿಯಲ್ಲಿ ಬರೆದಳು: ಹೌಲೆಂಡು, ಸೋಮವಾರ, ಹನ್ನೊಂದೂ ಇಪ್ಪತ್ತು, ಮೀನು 64.